ಆಂಟೆನಾ ನಿಂತ ದಿಕ್ಕು

"ಎಡಕ್ಕೆ, ಸ್ವಲ್ಪ ಎಡಕ್ಕೆ. ನಿನ್ನೆಡಕ್ಕಲ್ಲಯ್ಯಾ, ಅವನೆಡಕ್ಕೆ," ಎಂದು ಮುಂದೆ ಹೆಗಲು ಕೊಟ್ಟಿದ್ದ ಗ್ರೇಮ್ ಪಿಸುಗುಟ್ಟಿದ.

ಶವಪೆಟ್ಟಿಗೆ ಚರ್ಚಿನ ಬಾಗಿಲ ಚೌಕಟ್ಟಿಗೆ ತಗುಲಿ, ಹಿಂದೆ ಸರಿದು, ಮತ್ತೆ ಒಳಹೊಕ್ಕಿತು. ಹಿಂದಿನ ಮೂಲೆಯನ್ನು ಹೊತ್ತಿದ್ದ ಕ್ಲೈವ್ ಪೆಂಗಿಲಿಗೆ ಆ ಗಳಿಗೆಯಲ್ಲೂ ಒಳಗಿನ ಮುದುಕ ಲ್ಯಾನ್ಸ್ ಏನು ಹೇಳುತ್ತಿದ್ದನೆಂಬುದು ಕೇಳಿಸಿತು: 'ದಿಕ್ಕು ಗೊತ್ತಿಲ್ಲದವರ ಹೆಗಲಿಗೆ ನನ್ನನ್ನ ಹಾಕಿದ್ರಲ್ಲಪ್ಪ.' ಬೇರೆ ದಿನವಾಗಿದ್ದರೆ ಕ್ಲೈವ್ ಅದನ್ನು ಲ್ಯಾನ್ಸ್‌ನದೇ ಮೂಗುದನಿಯಲ್ಲಿ, ನಡುವಿನ ಕೆಮ್ಮನ್ನೂ ಸೇರಿಸಿ ಹೇಳಿ ಪಾದ್ರಿಯನ್ನೂ ನಗಿಸುತ್ತಿದ್ದ. ದಕ್ಷಿಣ ಆಸ್ಟ್ರೇಲಿಯಾದ ಆ ವಾಲರೂ ಊರಿನಲ್ಲಿ ಅವನು ಅಣಕಿಸದ ಗಂಟಲಿಲ್ಲ. ಸತ್ತವರ ದನಿ ಬೇಕಾದರೆ ಕ್ಲೈವ್‌ನ ಹತ್ತಿರ ಹೋಗಿ, ಖರ್ಚಿಲ್ಲದೆ ಕೇಳಿಸುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಇವತ್ತು ಮಾತ್ರ ಅವನ ಸ್ವಂತ ದನಿಯೇ ಬೆಳಗಿನಿಂದ ಹೊರಟಿರಲಿಲ್ಲ.

ಪೆಟ್ಟಿಗೆಯ ಮೇಲೆ ಹೂವಿನ ಜೊತೆಗೆ ಲ್ಯಾನ್ಸ್ ಟ್ರೆಲೋರನ ಹೆಡ್‌ಫೋನ್ ಇಟ್ಟಿದ್ದರು. ಕಿವಿಗೆ ಒತ್ತುವ ಮೆತ್ತೆ ಹರಿದಿದ್ದರಿಂದ ಹೆಂಡತಿ ಮರ್ಲ್ ಅದಕ್ಕೆ ಹಳೆಯ ಕಾಲುಚೀಲದ ತೇಪೆ ಹಾಕಿದ್ದಳು. ಗಂಡನ ಕಿವಿಯನ್ನು ಇಷ್ಟು ವರ್ಷ ಹಂಚಿಕೊಂಡ ವಸ್ತುವನ್ನು ಅವಳು ಮೊದಲ ಬೆಂಚಿನಲ್ಲಿ ಕೂತು ಸವತಿಯನ್ನು ನೋಡುವಂತೆ ನೋಡುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಅವಳ ಅಣ್ಣ ಆರ್ಥರ್ ಬಾಟ್ರಲ್ ಕೂತಿದ್ದ. ಅಣ್ಣತಂಗಿಯರ ನಡುವೆ ಅಷ್ಟೂ ಬೆಂಚುಗಳು.

ಗ್ರೇಮ್, ಮನೆಯಿಂದಲೇ ರೇಡಿಯೊದಲ್ಲಿ ದೂರದೇಶದವರೊಂದಿಗೆ ಮಾತಾಡುವ ಹವ್ಯಾಸಿಗಳ ಕ್ಲಬ್ಬಿನ ಕಾರ್ಯದರ್ಶಿ. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಅವನು ಎದ್ದು ನಿಂತು, ಕೋಟಿನ ಒಳಗಿಂದ ಹಿತ್ತಾಳೆಯ ಫಲಕವೊಂದನ್ನು ಹೊರತೆಗೆದ.

"ಪ್ರಪಂಚದಲ್ಲಿ ನಮ್ಮ ರೇಡಿಯೊದವರು ದೇಶ ಅಂತ ಲೆಕ್ಕ ಹಾಕೋ ಜಾಗ ಎಷ್ಟಿವೆಯೋ ಅಷ್ಟರ ಜೊತೆಗೂ ಲ್ಯಾನ್ಸ್ ಮಾತಾಡಿದ್ದ. ಒಂದು ಬಿಟ್ಟು. ದಕ್ಷಿಣದ ಹಿಮದಲ್ಲಿರೋ ಆ ಬಂಡೆ. ಅಲ್ಲಿ ಮನುಷ್ಯರಿಲ್ಲ, ಯಾರಾದ್ರೂ ಹಡಗಲ್ಲಿ ಹೋಗಿ ರೇಡಿಯೊ ಹೂಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಜೀವಮಾನ ಪೂರ್ತಿ ಕಾದ. ಹೋದ ತಿಂಗಳು ಅದೂ ಸಿಕ್ತು. ನಾವು ನಾಲ್ಕೈದು ಜನ ನಮ್ಮ ನಮ್ಮ ಮನೇಲಿ ಕಿವಿಯಾರೆ ಕೇಳಿದ್ವಿ." ಗ್ರೇಮ್ ಫಲಕವನ್ನು ಕೋಟಿನ ತೋಳಿನಿಂದ ಒರೆಸಿದ. "ಬಂಡೆಯಿಂದ ಕಾರ್ಡು ಬರದೆ ಫಲಕ ಕೊಡಬಾರದು ಅನ್ನೋ ನಿಯಮ ಮಾಡಿದವನೇ ಇವನು. ಬದುಕಿದ್ದಿದ್ರೆ ನನ್ನನ್ನ ಒದೀತಿದ್ದ. ಆದ್ರೂ ಕೊಡ್ತಿದ್ದೀನಿ. ಮಧ್ಯಾಹ್ನ ಅವನ ಶೆಡ್ಡಿಂದ ಕೊನೆಯ ಕರೆ ಕೊಟ್ಟಾದ ಮೇಲೆ ಎಲ್ಲರಿಗೂ ಇದನ್ನ ಸಾರ್ತೀನಿ. ನಾಳೆಯೇ ಕಾರ್ಡಿಗೂ ಬರೀತೀನಿ."

ಜನ ಕಣ್ಣೊರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕ್ಲೈವ್‌ನ ಕೈಯೂ ಹೆಗಲಿಗೆ ಹೋಯಿತು. ಪೆಟ್ಟಿಗೆಯ ಅಂಚು ಒತ್ತಿದ ಜಾಗ ಇನ್ನೂ ನೋಯುತ್ತಿತ್ತು.

ಬಂಡೆಗೆ ಹೋಗಿದ್ದವರು ತಾವು ಯಾರ ಯಾರ ಜೊತೆ ಮಾತಾಡಿದೆವು ಎಂದು ನೋಡಿ, ಪಟ್ಟಿಯಲ್ಲಿ ಇದ್ದವರಿಗೆ ಸಾಕ್ಷಿಯಾಗಿ ಕಾರ್ಡು ಕಳಿಸುತ್ತಾರೆ. ಇಲ್ಲದವರಿಗೆ, 'ಈ ಹೆಸರಿನವರ ಜೊತೆ ನಾವು ಮಾತಾಡಿಲ್ಲ' ಎಂದು ಒಂದು ಸಾಲು. ಆ ಸಾಲನ್ನು ಎಷ್ಟೋ ಮಂದಿಗೆ ಓದಿ ಹೇಳಿ, ಎಷ್ಟೋ ಹೆಸರು ಹೊಡೆದುಹಾಕಿದವನು ಲ್ಯಾನ್ಸ್. ಕ್ಲಬ್ಬಿನಲ್ಲಿ ಕಾರ್ಡು ಪರೀಕ್ಷಿಸುವ ಕೆಲಸ ಅವನದೇ. ಇನ್ನು ಮೇಲೆ ಆ ಸಾಲು ಅವನ ಹೆಸರಿಗೇ ಬರುತ್ತದೆ. ಬದುಕಿಡೀ ಕಳ್ಳರನ್ನು ಹಿಡಿದವನು ಸತ್ತ ಮೇಲೆ ಕಳ್ಳನಾಗುತ್ತಾನೆ. ಆಗ ಎದ್ದು ನಿಂತು 'ಅಲ್ಲ' ಎನ್ನಲು ಅವನಿರುವುದಿಲ್ಲ.

ಏಕೆಂದರೆ ಆ ದಿನ ಬಂಡೆಯಿಂದ ಬಂದ ದನಿ ಬಂಡೆಯದಾಗಿರಲಿಲ್ಲ. ಕ್ಲೈವ್‌ನದಾಗಿತ್ತು.

*

ಆಗ ಎಲ್ಲರ ತಲೆಯಲ್ಲೂ ಕೂದಲಿತ್ತು. ಒಂದು ಬೇಸಗೆ, ಶಾಂತಸಾಗರದ ಯಾವುದೋ ಹವಳದ ದಿಬ್ಬದಿಂದ ಒಬ್ಬ ಹೊಸಬನ ದನಿ ಕೇಳಿಬಂತು. ಕ್ಲಬ್ಬಿನವರಿಗೆ ಹಬ್ಬ. ಎಲ್ಲರೂ ಸಾಲಾಗಿ ಅವನೊಂದಿಗೆ ಮಾತಾಡಿ, ಒಂದು ದೇಶ ಹೆಚ್ಚಾಯಿತೆಂದು ಬಿಯರ್ ಕುಡಿದರು. ಲ್ಯಾನ್ಸ್ ಮಾತ್ರ ತನ್ನ ಶೆಡ್ಡಿನಲ್ಲಿ ಹುಬ್ಬು ಗಂಟಿಕ್ಕಿ ಕೂತಿದ್ದ. ಕ್ಲೈವ್ ಪಕ್ಕದ ಸ್ಟೂಲಿನಲ್ಲಿದ್ದ.

"ದಿಬ್ಬ ಇರೋದು ಯಾವ ಕಡೆ?"

"ಈಶಾನ್ಯ."

"ಆಂಟೆನಾ ಈಶಾನ್ಯಕ್ಕೇ ಇದೆ. ನೋಡು ಮುಳ್ಳು ಹೆಂಗೆ ಸುಸ್ತಾಗಿ ಮಲಗಿದೆ." ಲ್ಯಾನ್ಸ್ ಗುಂಡಿ ಒತ್ತಿದ. ಹೊರಗೆ ಕಂಬದ ತುದಿಯಲ್ಲಿ ಮೀನಿನ ಮೂಳೆಯಂಥ ಆಂಟೆನಾ ಗೊರಗೊರ ಎಂದು ತಿರುಗತೊಡಗಿತು. ಪಶ್ಚಿಮಕ್ಕೆ ಬಂದಾಗ, ದನಿಯ ಬಲ ತೋರಿಸುವ ರೇಡಿಯೊದ ಮುಳ್ಳು ಚೇಳು ಕುಟುಕಿದಂತೆ ಎಗರಿತು. "ಈ ಕಡೆ ಏನಿದೆ?"

"ಸಮುದ್ರ."

"ಅದಕ್ಕಿಂತ ಮುಂಚೆ?"

"ಕಾರವಾನ್ ಪಾರ್ಕು."

ಇಬ್ಬರೂ ಹೋಗಿ ಅಲ್ಲಿನ ಗಾಡಿಮನೆಯೊಂದರ ಬಾಗಿಲು ತಟ್ಟಿದಾಗ ಆರ್ಥರ್ ಬಾಟ್ರಲ್ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಮಾಂಸ, ಆಲೂಗೆಡ್ಡೆ ತುಂಬಿ ಬೇಯಿಸಿದ, ಅರ್ಧ ತಿಂದ ಪಾಸ್ಟಿ ಹಿಡಿದು ಕೂತಿದ್ದ. ತಂಗಿಯ ಗಂಡನನ್ನು ಕಂಡು ಅವನ ಬಾಯಲ್ಲಿದ್ದ ಆಲೂಗೆಡ್ಡೆ ಅಲ್ಲೇ ನಿಂತಿತು.

"ದಿಬ್ಬದಲ್ಲಿ ಪಾಸ್ಟಿ ಸಿಗುತ್ತಾ ಆರ್ಥರ್?" ಎಂದ ಲ್ಯಾನ್ಸ್. ನಗಲಿಲ್ಲ.

"ತಮಾಷೆಗೆ ಕಣೋ. ಹುಡುಗರಿಗೆ ಒಂದೊಂದು ದೇಶ ಹಂಚ್ತಿದ್ದೆ. ಪಾಪ, ಖುಷಿ ಪಟ್ಕೊಳ್ಳಲಿ ಅಂತ. ನನಗೇನು ಬಂತು ಇದ್ರಿಂದ?"

"ದನಿ ಎಲ್ಲಿಂದ ಬಂತು ಅನ್ನೋದೊಂದೇ ನಮ್ಮ ಹತ್ರ ಇರೋ ಆಸ್ತಿ. ಅದೂ ಸುಳ್ಳಾದ್ರೆ ನಾವು ಶೆಡ್ಡಲ್ಲಿ ಕೂತು ಒಬ್ಬೊಬ್ಬರೇ ಗೊಣಗೋ ಹುಚ್ಚರು, ಅಷ್ಟೇ."

ಆರ್ಥರನ ಹೆಸರನ್ನು ಲ್ಯಾನ್ಸ್ ಕ್ಲಬ್ಬಿನ ಪಟ್ಟಿಯಿಂದ ಶಾಶ್ವತವಾಗಿ ಹೊಡೆದುಹಾಕಿದ. ಮರ್ಲ್ ಅತ್ತಳು, ಊಟ ಬಿಟ್ಟಳು. ಕೊನೆಗೆ ಕ್ರಿಸ್‌ಮಸ್ ಮೇಜಿನಿಂದ ಅಣ್ಣನ ಕುರ್ಚಿಯನ್ನು ತೆಗೆದುಹಾಕಿದಳು. ಆದರೆ ಆರ್ಥರ್ ಊರು ಬಿಟ್ಟದ್ದು ಲ್ಯಾನ್ಸ್‌ನಿಂದಲ್ಲ. ಕ್ಲಬ್ಬಿನ ಪ್ರತಿ ಸಭೆಯಲ್ಲೂ ಕ್ಲೈವ್ ಎದ್ದು, ಬಾಯಲ್ಲಿ ಬ್ರೆಡ್ಡು ತುರುಕಿಕೊಂಡು 'ದಿಬ್ಬದ ದೊರೆ'ಯ ದನಿ ಮಾಡುತ್ತಿದ್ದ. ಕೇಕೆ ಬೀಳುತ್ತಿತ್ತು. ಬೇಕರಿಯಲ್ಲಿ, ಬೌಲಿಂಗ್ ಮೈದಾನದಲ್ಲಿ ಮಕ್ಕಳೂ ಅದನ್ನು ಕಲಿತರು. ಆರ್ಥರ್ ರೇಡಿಯೊ ಮಾರಿ ಪಕ್ಕದ ಊರು ಕಡೀನಾಕ್ಕೆ ಹೋಗಿ ನೆಲೆಸಿದ. ಅಲ್ಲಿಂದ ವಾಲರೂ ಕಾರಿನಲ್ಲಿ ಹಾಡೊಂದು ಮುಗಿಯುವಷ್ಟು ದೂರ. ಅವನು ಬರಲಿಲ್ಲ.

*

ಮಣ್ಣು ಮುಗಿಸಿ ಎಲ್ಲರೂ ಮರ್ಲ್‌ಳ ಮನೆಗೆ ಬಂದರು. ಅಂಗಳದಲ್ಲಿ ಉದ್ದ ಮೇಜು ಹಾಕಿ ಪಾಸ್ಟಿ, ಸ್ಯಾಂಡ್‌ವಿಚ್, ಚಹಾದ ದೊಡ್ಡ ಪಾತ್ರೆ ಇಟ್ಟಿದ್ದರು. ಕ್ಲೈವ್ ಆ ಬೀದಿಗೆ ಕಾಲಿಟ್ಟು ತಿಂಗಳಾಗುತ್ತ ಬಂದಿತ್ತು. ಮುಖ ನೋಡಿದರೆ ಲ್ಯಾನ್ಸ್‌ಗೆ ಗುಟ್ಟು ತಿಳಿದೀತೆಂಬ ಅಂಜಿಕೆ. ಅಂಜಿ ಕೂತಿರುವಾಗಲೇ ಲ್ಯಾನ್ಸ್‌ನನ್ನು ಅಡಿಲೇಡಿನ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವನು ಪೆಟ್ಟಿಗೆಯಲ್ಲೇ ಮರಳಿದ.

"ಕ್ಲೈವ್, ಮಧ್ಯಾಹ್ನಕ್ಕೆ ಆ ಜಾಗ ಖಾಲಿ ಇದೆಯಾ ನೋಡಿದ್ಯಾ?" ಎಂದು ಗ್ರೇಮ್ ಬಾಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಂಡೇ ಕೇಳಿದ. ಸತ್ತವನ ಹೆಸರನ್ನು ಮೂರು ಸಲ ಕೂಗಿ ಬೀಳ್ಕೊಡುವ ಈ ಕೊನೆಯ ಕರೆ ಹೋಗುವ ಅಲೆಯ ಮೇಲೆ ಬೇರೆ ಯಾರೂ ಮಾತಾಡುತ್ತಿರಬಾರದು.

"ಬೆಳಿಗ್ಗೆಯೇ ನೋಡ್ದೆ. ಖಾಲಿ ಇದೆ." ಆಗ ನೆನಪಾಯಿತು, ಅವಸರದಲ್ಲಿ ತನ್ನ ಶೆಡ್ಡಿನ ರೇಡಿಯೊ ಆರಿಸದೆ ಅದೇ ಅಲೆಯ ಮೇಲೆ ಬಿಟ್ಟು ಬಂದಿದ್ದೇನೆ ಎಂದು.

"ಕರೆ ನೀನೇ ಕೊಡಬೇಕಪ್ಪ. ಮೈಕ್ ಹಿಡಿದ್ರೆ ನನಗೆ ಅಳು ಬರುತ್ತೆ. ಅವನ ದನೀಲೇನೂ ಕೊಡಬೇಡ ಮತ್ತೆ," ಎಂದು ಗ್ರೇಮ್ ಅರೆನಗು ನಕ್ಕ. "ಮರ್ಲ್ ಎದೆ ಒಡ್ಕೊಂಡುಬಿಡ್ತಾಳೆ."

ಆರ್ಥರ್ ಜನರ ಗುಂಪಿಗೆ ಸೇರದೆ ಹಿತ್ತಿಲಲ್ಲಿ ಆಂಟೆನಾ ಕಂಬದ ಬುಡದಲ್ಲಿ ನಿಂತಿದ್ದ. ಕೋಲಿನ ಮೇಲೆ ಎರಡೂ ಕೈ ಊರಿ, ಕತ್ತೆತ್ತಿ ಮೇಲೆ ನೋಡುತ್ತಿದ್ದ. ಕ್ಲೈವ್ ಏನು ಮಾಡಬೇಕೆಂದು ತೋಚದೆ ತಟ್ಟೆಯೊಂದನ್ನು ಒಯ್ದು ಚಾಚಿದ.

"ಪಾಸ್ಟಿ ಬೇಡ. ಒಮ್ಮೆ ತಿಂದು ಸಿಕ್ಕಿಬಿದ್ದಿದ್ದೀನಿ," ಎಂದ ಆರ್ಥರ್.

ಕ್ಲೈವ್ ತಟ್ಟೆಯನ್ನು ಕಂಬದ ಬುಡದಲ್ಲಿಟ್ಟ.

"ನನ್ನ ದನಿ ಚೆನ್ನಾಗಿ ಮಾಡ್ತಿದ್ದೆಯಂತೆ. ಮೊಮ್ಮಗಳು ಶಾಲೆಯಿಂದ ಕಲಿತು ಬಂದು ನನ್ನ ಮುಂದೆಯೇ ಮಾಡಿದ್ಲು. ಅದು ಅವಳ ತಾತನದ್ದು ಅಂತ ಅವಳಿಗೆ ಗೊತ್ತಿರಲಿಲ್ಲ." ಆರ್ಥರನ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಹಲ್ಲನ್ನು ನಾಲಗೆಯಿಂದ ತಡವಿ ನೋಡುವಂತೆ ಇತ್ತು. "ಇರಲಿ. ಕ್ಲೈವ್, ಬಂಡೆ ಯಾವ ದಿಕ್ಕು?"

"ದಕ್ಷಿಣ."

"ಮೇಲೆ ನೋಡು."

ಕ್ಲೈವ್ ನೋಡಿದ. ಮೀನಿನ ಮೂಳೆಯ ಚಿಕ್ಕ ಕಡ್ಡಿಗಳಿರುವ ಕಡೆ ಅದರ ಮೂತಿ. ಮೂತಿ ದಕ್ಷಿಣದ ಸಮುದ್ರಕ್ಕೆ ಬೆನ್ನು ಮಾಡಿ ಊರಿನೊಳಕ್ಕೆ, ಉತ್ತರಕ್ಕೆ ನೆಟ್ಟಿತ್ತು. ಬೇಲಿಯಾಚೆ, ಹಳೆಯ ರೈಲು ಹಳಿಯಾಚೆ, ತಗಡಿನ ಛಾವಣಿಗಳ ಮೇಲೆ ಒಂದೇ ಒಂದು ನಾರ್ಫೋಕ್ ಪೈನ್ ಮರ ಕಪ್ಪಗೆ ಎದ್ದು ನಿಂತಿತ್ತು.

"ನಿನ್ನ ಮನೆ ಇನ್ನೂ ಆ ಮರದ ಕೆಳಗೇನಾ?"

"ಗಾಳಿಗೆ ತಿರುಗಿರಬಹುದು," ಎಂದ ಕ್ಲೈವ್. ತನ್ನ ಮಾತು ತನಗೇ ಯಾರದೋ ಅಣಕದಂತೆ ಕೇಳಿತು.

"ಅದಕ್ಕೆ ಬ್ರೇಕಿದೆ. ಮೇಲೆ ಹತ್ತಿ ಕೂರಿಸಿದವನು ನಾನು. ಲ್ಯಾನ್ಸ್ ಇಲ್ಲೇ ನಿಂತು ಬೈತಿದ್ದ. ಬಿರುಗಾಳಿ ಬಂದ್ರೆ ಕಂಬ ಮುರೀಬಹುದು, ಅದು ತಿರುಗಲ್ಲ." ಆರ್ಥರ್ ಕೋಲು ಕಿತ್ತು ಒಂದು ಹೆಜ್ಜೆ ಸರಿದ. "ನಾನು ಹೇಳಲ್ಲಪ್ಪ, ಹೆದರಬೇಡ. ಹೇಳಿದ್ರೂ ಯಾರು ನಂಬ್ತಾರೆ? ದಿಬ್ಬದ ದೊರೆ ಮಾತು."

*

ನಿಜವಾದ ತಂಡವೊಂದು ಬಂಡೆಗೆ ಹೋಗಿತ್ತು. ಲೋಕದ ರೇಡಿಯೊದವರೆಲ್ಲ ಸಂತೆಯಲ್ಲಿ ಕೂಗುವಂತೆ ಅವರನ್ನು ಕೂಗುತ್ತಿದ್ದರು. ಲ್ಯಾನ್ಸ್ ಬೆನ್ನಿಗೆ ದಿಂಬು, ಮೂಗಿಗೆ ಆಮ್ಲಜನಕದ ಕೊಳವೆ ಹಚ್ಚಿಕೊಂಡು ಶೆಡ್ಡಿನಲ್ಲಿ ಕೂತು ದಿನವೂ ಕೂಗಿದ. ಶ್ವಾಸಕೋಶ ಸವೆದುಹೋದವನ ಕೂಗು ಎಷ್ಟು ದೂರ ಹೋದೀತು?

ಮರ್ಲ್ ಫೋನು ಮಾಡಿದ್ದಳು. "ಇನ್ನು ಮಾಡೋದೇನೂ ಉಳಿದಿಲ್ಲ ಅಂತ ಡಾಕ್ಟರು ಹೇಳಿಬಿಟ್ರು ಕ್ಲೈವ್. ಇವನು ಕೂಗ್ತಾನೇ ಇದ್ದಾನೆ. ಮದುವೆಯಾದಾಗಿನಿಂದ ನನ್ನ ಹೆಸರು ಇಷ್ಟು ಸಲ ಕೂಗಿಲ್ಲ."

ಬಂಡೆಯ ಮೇಲಿದ್ದವನು ನಾರ್ವೆಯವನು. ಪದದ ಕೊನೆಯನ್ನು ನುಂಗುತ್ತಿದ್ದ, ರಕಾರವನ್ನು ಗೋಲಿಯಂತೆ ಉರುಳಿಸುತ್ತಿದ್ದ. ಕ್ಲೈವ್ ಗಡ್ಡ ಹೆರೆದುಕೊಳ್ಳುತ್ತ, ನಾಯಿಗೆ ಅನ್ನ ಹಾಕುತ್ತ ಆ ದನಿ ಕಲಿತ. ಒಂದು ಮಧ್ಯಾಹ್ನ, ಬಂಡೆಯವನು ಬೇರೆ ಅಲೆಗೆ ಹೋದ ಹೊತ್ತು ನೋಡಿ, ತನ್ನ ರೇಡಿಯೊದ ಶಕ್ತಿಯನ್ನು ಉಸಿರಿನ ಒಂದು ಎಳೆಯಷ್ಟಕ್ಕೆ ಇಳಿಸಿದ. ಆಂಟೆನಾ ಕಿತ್ತು, ಅದರ ಬದಲಿಗೆ ಶೆಡ್ಡಿನ ನೆಲಕ್ಕೆ ಒಂದು ತುಂಡು ತಂತಿ ಎಸೆದ. ದೂರದ ದನಿ ಏರಿಳಿಯುವಂತೆ ಬೆರಳಿನಿಂದ ಗುಂಡಿಯನ್ನು ಏರಿಸುತ್ತ ಇಳಿಸುತ್ತ ಲ್ಯಾನ್ಸ್‌ನನ್ನು ಕರೆದ.

ಬಹಳ ಹೊತ್ತು ಬರೀ ಸದ್ದು. ಆಮೇಲೆ ಲ್ಯಾನ್ಸ್‌ನ ಉತ್ತರ ಬಂತು. ಅದನ್ನು ಕ್ಲೈವ್ ಎಂದೂ ಅಣಕಿಸಲಾರ.

"ಕೇಳಿಸ್ತಿದೆ," ಎಂದಿದ್ದ ಲ್ಯಾನ್ಸ್. "ಚೆನ್ನಾಗಿ ಕೇಳಿಸ್ತಿದೆ. ತುಂಬಾ ದಿನದಿಂದ ಕಾಯ್ತಿದ್ದೆ. ಅಲ್ಲಿ ಚಳಿ ಇರುತ್ತೆ, ಬೆಚ್ಚಗಿರಪ್ಪ."

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. ಅಣಕದವನಿಗೆ ನಿಲ್ಲಿಸುವುದೊಂದು ಗೊತ್ತಿರುವುದಿಲ್ಲ. ಸಹಜವಾಗಿರಲಿ ಎಂದು ಕ್ಲೈವ್ ಅದೇ ದನಿಯಲ್ಲಿ ಇನ್ನೂ ಹಲವರಿಗೆ ಉತ್ತರ ಕೊಟ್ಟ. ಜಪಾನಿನವನೊಬ್ಬ, ಬ್ರೆಜಿಲಿನವನೊಬ್ಬ, ಇಲ್ಲದವರೆಲ್ಲ. ಇಲ್ಲದವರೊಂದಿಗೆ ಹವಾಮಾನದ ಮಾತನ್ನೂ ಆಡಿದ. ಸಾಯುವ ಮನುಷ್ಯ ಸಂತೋಷಪಡುತ್ತಾನೆ, ತನಿಖೆ ಮಾಡುವುದಿಲ್ಲ ಎಂದುಕೊಂಡಿದ್ದ. ಕಾರವಾನ್ ಪಾರ್ಕಿಗೆ ತಾನೂ ಜೊತೆಗೆ ಹೋಗಿದ್ದವನೆಂಬುದು ಅವನಿಗೆ ಮರೆತೇಹೋಗಿತ್ತು.

ಆ ಸಂಜೆ ಗ್ರೇಮ್ ಫೋನು ಮಾಡಿ ಅತ್ತ. ಉಳಿದವರೂ ಮಾಡಿದರು. ಲ್ಯಾನ್ಸ್‌ನ ಫೋನು ಬರಲಿಲ್ಲ.

*

ಶೆಡ್ಡಿನಲ್ಲಿ ಮರ್ಲ್ ಒಬ್ಬಳೇ ಇದ್ದಳು. ಕಪ್ಪು ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು ರೇಡಿಯೊದ ಧೂಳು ಒರೆಸುತ್ತಿದ್ದಳು. ಪಕ್ಕದಲ್ಲಿ ಆಂಟೆನಾ ತಿರುಗಿಸುವ ಪೆಟ್ಟಿಗೆ. ಅದರ ಗುಂಡು ಮುಖದಲ್ಲಿ ಸಣ್ಣ ಮುಳ್ಳು ಉತ್ತರವನ್ನು ತೋರಿಸುತ್ತಿತ್ತು.

"ಇದನ್ನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ," ಎಂದಳು.

"ಆ ದಿನ ಅವನು..." ಎಂದ ಕ್ಲೈವ್.

"ಆ ದಿನ ನಾನು ಇಲ್ಲೇ ಬಾಗಿಲಲ್ಲಿದ್ದೆ. ಮಾತು ಮುಗೀತು. ಅವನ ಕಣ್ಣಲ್ಲಿ ನೀರು. ಆ ನಾರ್ವೆಯವನು ಇನ್ನೂ ಯಾರ ಜೊತೆಗೋ ಮಾತಾಡ್ತಾನೇ ಇದ್ದ. ಇವನು ಈ ಪೆಟ್ಟಿಗೆ ಗುಂಡಿ ಒತ್ತಿಕೊಂಡು ಆಂಟೆನಾನ ಸುತ್ತ ತಿರುಗಿಸ್ತಾ ಕೂತ. ಹುಡುಗರು ಬುಗುರಿ ಆಡಿಸ್ತಾರಲ್ಲ, ಹಂಗೆ ಖುಷಿಗೆ ಅಂದ್ಕೊಂಡೆ. ಆಮೇಲೆ ನಿಲ್ಲಿಸಿದ. ಹೆಡ್‌ಫೋನ್ ತೆಗೆದಿಟ್ಟ."

"ಏನಾದ್ರೂ ಅಂದ್ನಾ?"

"'ಪಾಪ, ಬಹಳ ಕಷ್ಟಪಟ್ಟಿದ್ದಾನೆ' ಅಂದ. ಆ ಚಳಿಯಲ್ಲಿರೋ ನಾರ್ವೆಯವನಿಗೆ ಅಂದ್ಕೊಂಡೆ." ಮರ್ಲ್ ಬಟ್ಟೆಯನ್ನು ಮಡಿಸಿದಳು. "ಮತ್ತೆ ಈ ಕುರ್ಚಿಗೆ ಬರಲೇ ಇಲ್ಲ. ಆಸೆ ತೀರಿತು ಅಂದ್ಕೊಂಡೆ. ಮಾರನೇ ದಿನ, ಆರ್ಥರ್‌ಗೆ ಫೋನ್ ಮಾಡು, ಬರ್ತಾನಾ ಕೇಳು ಅಂದ. ಇಷ್ಟು ವರ್ಷ ಆದ್ಮೇಲೆ. ಅಣ್ಣ ಶರ್ಟು ಇಸ್ತ್ರಿ ಮಾಡಿ ಹೊರಡೋ ಹೊತ್ತಿಗೆ ಇವನನ್ನ ಅಡಿಲೇಡಿಗೆ ಕರ್ಕೊಂಡು ಹೋಗಿಯಾಗಿತ್ತು."

ಕ್ಲೈವ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಹೊರಗೆ ಬೂಟುಗಳ ಸದ್ದಾಯಿತು. ಗ್ರೇಮ್ ಫಲಕ ಹಿಡಿದು ಮುಂದೆ, ಕ್ಲಬ್ಬಿನವರು ಹಿಂದೆ, ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಆರ್ಥರ್. ಶೆಡ್ಡಿನಲ್ಲಿ ಹಿಡಿಸದವರು ಬಾಗಿಲಲ್ಲಿ ನಿಂತರು.

"ಹೊತ್ತಾಯ್ತು," ಎಂದ ಗ್ರೇಮ್. "ಎಲ್ಲ ಕಡೆಯವರೂ ಕಾಯ್ತಿದ್ದಾರೆ. ಕ್ಲೈವ್, ಮೊದಲು ಆಂಟೆನಾನ ಬಂಡೆ ಕಡೆ ತಿರುಗಿಸಪ್ಪ. ಫಲಕ ಇಟ್ಕೊಂಡು ಕಂಬದ ಕೆಳಗೆ ಒಂದು ಫೋಟೋ ಆಗಲಿ. ಕರೆಯೂ ಆ ಕಡೆಗೇ ಹೋಗಲಿ."

ಕ್ಲೈವ್ ಕೂತ. ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಸಾಕು, ಅರ್ಧ ಸುತ್ತು, ಗೊರಗೊರ, ದಕ್ಷಿಣ. ಆಮೇಲೆ ಸಾಕ್ಷಿ ಹೇಳಲು ಭೂಮಿಯ ಮೇಲೆ ಉಳಿಯುವವನು ಆರ್ಥರ್ ಒಬ್ಬನೇ. ಅವನ ಬಾಯಿಗೆ ಬ್ರೆಡ್ಡು ತುರುಕಿ ವರ್ಷಗಳಾಗಿವೆ. ಬಾಗಿಲಿನ ಕಡೆ ತಿರುಗಿದಾಗ ಆರ್ಥರ್ ಗುಂಡಿಯ ಮೇಲಿನ ಆ ಬೆರಳನ್ನೇ ನೋಡುತ್ತಿರುವುದು ಕಂಡಿತು.

ಕ್ಲೈವ್ ಕೈ ಹಿಂದೆಗೆದು ತೊಡೆಯ ಮೇಲಿಟ್ಟುಕೊಂಡ.

"ಇರಲಿ ಗ್ರೇಮ್."

"ಯಾಕೋ? ಕೆಟ್ಟಿದೆಯಾ?"

"ಕೆಟ್ಟಿಲ್ಲ. ಬಂಡೆಯವನ ದನಿ ಕೇಳಿ ಲ್ಯಾನ್ಸ್ ಅದನ್ನ ತಿರುಗಿಸಿ ನೋಡಿದಾನೆ. ನೋಡಿ, ಅಲ್ಲಿಗೇ ನಿಲ್ಲಿಸಿದಾನೆ."

ಗ್ರೇಮ್ ಪೆಟ್ಟಿಗೆಯ ಮುಳ್ಳನ್ನು ನೋಡಿದ. ಮಂದಿಯನ್ನು ಸರಿಸಿಕೊಂಡು ಹೊರಗೆ ಹೋಗಿ ಕಂಬದ ತುದಿಯನ್ನು ನೋಡಿದ. ಅಲ್ಲಿಂದ ಅವನ ಕಣ್ಣು ಬೇಲಿ, ಹಳಿ, ಛಾವಣಿಗಳನ್ನು ದಾಟುತ್ತ ಪೈನ್ ಮರದವರೆಗೆ ಹೋಗಿ ನಿಂತಿತು. ಒಬ್ಬೊಬ್ಬರಾಗಿ ಉಳಿದವರೂ ಆ ಕಡೆ ನೋಡಿದರು. ಗ್ರೇಮ್ ಮರಳಿ ಬಂದಾಗ ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿದ.

"ನಾನೂ ಅತ್ತಿದ್ದೆನಲ್ಲೋ," ಎಂದ.

ಮರ್ಲ್ ಕ್ಲೈವ್‌ನ ಮುಖ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಣ್ಣನಿಗೆ ಲ್ಯಾನ್ಸ್‌ನ ಪಕ್ಕದ ಸ್ಟೂಲು ಎಳೆದು ಕೊಟ್ಟಳು. ಆಮೇಲೆ ಮೈಕನ್ನು ಮೇಜಿನ ಮೇಲೆ ಕ್ಲೈವ್‌ನ ಮುಂದಕ್ಕೆ ತಳ್ಳಿದಳು.

"ಕರಿ. ಅವನನ್ನ ಕಾಯಿಸಬೇಡ."

ಕ್ಲೈವ್ ಮೈಕು ಹಿಡಿದ. ಈ ಮೈಕಿನಲ್ಲಿ ಅವನು ಪಾದ್ರಿಯಾಗಿ, ಮಂತ್ರಿಯಾಗಿ, ಲ್ಯಾನ್ಸ್‌ನೇ ಆಗಿ ಮಾತಾಡಿದ್ದುಂಟು. ಈಗ ಅವರಲ್ಲಿ ಯಾರೂ ಸಹಾಯಕ್ಕೆ ಬರಲಿಲ್ಲ. ಒಣಗಿದ, ಒಡಕು, ತನ್ನದೇ ದನಿಯಲ್ಲಿ ಅವನು ಲ್ಯಾನ್ಸ್ ಟ್ರೆಲೋರನನ್ನು ಕರೆದ. ಬೆರಳು ಬಿಟ್ಟು ಕಾದ. ರೇಡಿಯೊದಲ್ಲಿ ಮರಳು ಸುರಿದಂಥ ಸದ್ದು. ಮತ್ತೆ ಕರೆದ. ಕಾದ. ಮೂರನೆಯ ಸಲ ಕರೆಯುವ ಮುನ್ನ ಆರ್ಥರ್ ಟೋಪಿ ತೆಗೆದ.

ಕಂಬದ ತುದಿಯ ಆಂಟೆನಾ ಆ ಹೆಸರನ್ನು ಒಯ್ದು ತಾನು ನೋಡುತ್ತಿದ್ದ ಕಡೆಗೇ ಎಸೆಯುತ್ತಿತ್ತು. ಎಲ್ಲಿ ಬೀಳುತ್ತದೆಂದು ಕ್ಲೈವ್‌ಗೆ ಗೊತ್ತಿತ್ತು. ಹಳಿಯಾಚೆ, ಪೈನ್ ಮರದ ಕೆಳಗಿನ ಖಾಲಿ ಶೆಡ್ಡಿನಲ್ಲಿ, ನೆಲದ ಮೇಲೆ ಇನ್ನೂ ಬಿದ್ದಿರುವ ತುಂಡು ತಂತಿಯ ಪಕ್ಕದಲ್ಲಿ, ಆರಿಸದೆ ಬಿಟ್ಟು ಬಂದ ರೇಡಿಯೊದ ಮುಳ್ಳು ಒಂದೊಂದು ಕರೆಗೂ ಎದ್ದು ಕೊನೆಯ ಗೆರೆಗೆ ಬಡಿದು, ಮತ್ತೆ ಸೊನ್ನೆಗೆ ಬಿದ್ದು, ನಡುಗಿ ನಿಲ್ಲುತ್ತಿತ್ತು.